ಎಂಆರ್‌ಐ ರಿಪೋರ್ಟಲ್ಲಿ ‘ಡಿಸ್ಕ್ ಬಲ್ಜ್’ ಅಂತಿದೆ, ಆಪರೇಷನ್ ಬೇಕಾ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನಮ್ಮಣ್ಣನಿಗೆ 46 ವರ್ಷ, ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವ ಕೆಲಸ. ಮೂರು ವಾರದಿಂದ ಸೊಂಟನೋವು ಅಂತ ಎಂಆರ್‌ಐ ಮಾಡಿಸಿದೆವು. ‘ಎಲ್4-ಎಲ್5 ಡಿಫ್ಯೂಸ್ ಡಿಸ್ಕ್ ಬಲ್ಜ್, ಡೆಸಿಕೇಶನ್’ ಅಂತ ಬರೆದಿದ್ದಾರೆ. ಅದನ್ನು ಓದಿದಾಗಿನಿಂದ ಅವನು ಬಗ್ಗುವುದಕ್ಕೂ ಹೆದರುತ್ತಾನೆ, ಒಂದು ಕೊಡ ನೀರು ಎತ್ತುವುದಿಲ್ಲ. ನೋವು ಕಾಲಿಗೆ ಇಳಿದಿಲ್ಲ. ಆಪರೇಷನ್ ಬೇಕಾಗುತ್ತಾ?

ಉತ್ತರ (ರೇಡಿಯಾಲಜಿಸ್ಟ್): ನೀವು ಹೇಳಿದ್ದಷ್ಟೇ ಆದರೆ ಆಪರೇಷನ್ ಮಾತೇ ಬೇಡ. ಇಂಥ ರಿಪೋರ್ಟ್ ನಾನು ದಿನಾ ಬರೆಯುತ್ತೇನೆ. ಕಂಡದ್ದನ್ನೆಲ್ಲ ಬರೆಯುವುದು ನಮ್ಮ ಕೆಲಸ, ಆದರೆ ಕಂಡದ್ದೆಲ್ಲ ಕಾಯಿಲೆ ಅಲ್ಲ.

ಫಿಲ್ಮನ್ನು ಕಿಟಕಿ ಬೆಳಕಿಗೆ ಹಿಡಿದು ನೋಡಿ. ಪಕ್ಕದಿಂದ ತೆಗೆದ ಚಿತ್ರದಲ್ಲಿ ಮೂಳೆಗಳು ಇಟ್ಟಿಗೆ ಜೋಡಿಸಿದ ಹಾಗೆ ಕೂತಿರುತ್ತವೆ, ನಡುವಿನ ದಿಂಬುಗಳೇ ಡಿಸ್ಕ್. ಎಲ್4-ಎಲ್5 ಅಂದ್ರೆ ಸೊಂಟದ ನಾಲ್ಕನೇ ಮತ್ತು ಐದನೇ ಮೂಳೆಗಳ ನಡುವಿನ ಜಾಗ. ಟಿ2 ಅನ್ನುವ ಚಿತ್ರದಲ್ಲಿ ನೀರು ಬೆಳ್ಳಗೆ ಕಾಣುತ್ತದೆ. ನೀರಿನಂಶ ಇರುವ ಡಿಸ್ಕ್ ಬೆಳ್ಳಗಿರುತ್ತದೆ, ಒಣಗಿದ್ದು ಕಪ್ಪಗಿರುತ್ತದೆ. ಡೆಸಿಕೇಶನ್ ಅಂದ್ರೆ ಈ ಒಣಗುವಿಕೆ, ಅಷ್ಟೇ. ಬಲ್ಜ್ ಅಂದ್ರೆ ಡಿಸ್ಕಿನ ಅಂಚು ಸುತ್ತಲೂ ಸ್ವಲ್ಪ ಉಬ್ಬಿದೆ ಅಂತ.

2015ರಲ್ಲಿ ಒಂದು ದೊಡ್ಡ ವಿಶ್ಲೇಷಣೆ ಬಂತು. ಬೆನ್ನುನೋವೇ ಇಲ್ಲದ 3,110 ಜನರ ಸ್ಕ್ಯಾನ್‌ಗಳ ಲೆಕ್ಕ ಅದು. 20ರ ವಯಸ್ಸಿನವರಲ್ಲೇ ಶೇ 30 ಜನರಿಗೆ ಬಲ್ಜ್ ಇತ್ತು, 40ರವರಲ್ಲಿ ಶೇ 50, 80ರವರಲ್ಲಿ ಶೇ 84. ಅಂದ್ರೆ ಅಣ್ಣನ ವಯಸ್ಸಿನ ಇಬ್ಬರನ್ನು ಸುಮ್ನೆ ಕರೆದು ಸ್ಕ್ಯಾನ್ ಮಾಡಿದ್ರೂ ಒಬ್ಬರಿಗೆ ಇದೇ ರಿಪೋರ್ಟ್ ಬರಬಹುದು, ಅಲ್ವಾ? ಈ ಮಾತನ್ನು ರಿಪೋರ್ಟಿನ ಕೆಳಗೇ ಬರೆಯಬೇಕು ಅಂತ ನನಗೆ ತುಂಬಾ ಸಲ ಅನ್ನಿಸಿದೆ.

ಪ್ರಶ್ನೆ (ಇನ್ನೊಬ್ಬರು): ಹಾಗಾದ್ರೆ ಯಾವಾಗ ಹೆದರಬೇಕು ಸರ್? ನನಗೆ ಎಡಗಾಲು ಸೆಳೆತ, ರಿಪೋರ್ಟಲ್ಲಿ ಬಲಗಡೆ ನರಕ್ಕೆ ಡಿಸ್ಕ್ ತಾಗಿದೆ ಅಂತಿದೆ.

ಉತ್ತರ: ನೋಡಿ, ಇದೇ ಮುಖ್ಯ. ನೋವು ಎಡಕ್ಕೆ, ಚಿತ್ರದಲ್ಲಿ ಬಲಕ್ಕೆ. ಎರಡೂ ತಾಳೆಯಾಗದಿದ್ದರೆ ಆ ಡಿಸ್ಕೇ ನೋವಿಗೆ ಕಾರಣ ಅಂತ ಹೇಳೋಕಾಗಲ್ಲ. ಮಲಗಿಸಿ, ಕಾಲು ಎತ್ತಿಸಿ, ಕಾಲಿನ ಹೆಬ್ಬೆರಳಿನ ಶಕ್ತಿ ನೋಡುವ ಡಾಕ್ಟರ ಹತ್ತಿರ ರಿಪೋರ್ಟ್ ಒಯ್ಯಿರಿ. ಮೂತ್ರ ಕಟ್ಟಿದರೆ, ಕೂರುವ ಜಾಗ ಜೋಮು ಹಿಡಿದರೆ, ಪಾದ ಎತ್ತಲಾಗದೆ ಚಪ್ಪಲಿ ಜಾರಿ ಹೋಗುತ್ತಿದ್ದರೆ ಅವತ್ತೇ ಆಸ್ಪತ್ರೆಗೆ ಹೋಗಿ, ರಾತ್ರಿಯಾದ್ರೂ ಸರಿ. ಬೆನ್ನುನೋವಿನ ಜೊತೆ ಜ್ವರ, ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಆಗಿದ್ದದ್ದು ಇದ್ದರೂ ತಡ ಮಾಡಬೇಡಿ.

ಮೊದಲು ಕೇಳಿದವರು: ಆರು ತಿಂಗಳು ಬಿಟ್ಟು ಮತ್ತೆ ಎಂಆರ್‌ಐ ಮಾಡಿಸಿ ನೋಡೋದಾ?

ಉತ್ತರ: ನೋವು ಕಡಿಮೆಯಾಗಿದ್ದರೆ ಬೇಡ. ಬಲ್ಜ್ ಹಾಗೇ ಇದ್ದರೂ ನೋವು ಹೋಗುತ್ತದೆ. ಇವತ್ತು ಸಂಜೆ ಅಣ್ಣನನ್ನು ಸ್ವಲ್ಪ ದೂರ ನಡೆಸಿಕೊಂಡು ಬನ್ನಿ. ಕೊಡ ಮೊದಲು ಅರ್ಧ ತುಂಬಿಸಿ ಎತ್ತಲಿ.