ಓ’ಬ್ರಯನ್: ಆ ಕೊಕ್ಕೆ ಕನ್ನಡಕ್ಕೆ ಬೇಕಾ?

ಗೆಳೆಯರೆ,

ಐರ್ಲೆಂಡಿನ ಚರಿತ್ರೆಯ ಬಗ್ಗೆ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ರಾಜರು, ಕಾಳಗ ಎಲ್ಲ ಸಲೀಸಾಗಿ ಸಾಗಿತು. ಸಿಕ್ಕಿಹಾಕಿಕೊಂಡಿದ್ದು ಒಂದು ಅಪಾಸ್ಟ್ರಫಿಯಲ್ಲಿ, ಅಂದರೆ ಅಕ್ಷರದ ಪಕ್ಕ ಮೇಲೆ ಹಾಕುವ ಆ ಪುಟ್ಟ ಕೊಕ್ಕೆಯಲ್ಲಿ. ಅಲ್ಲಿನ ಒಂದು ಮನೆತನದ ಹೆಸರನ್ನು ಓ’ಬ್ರಯನ್ ಅಂತ ಬರೆಯಬೇಕೋ, ಓ ಬ್ರಯನ್ ಅಂತಲೋ, ಇಲ್ಲ ಓಬ್ರಯನ್ ಅಂತ ಸೇರಿಸಿಯೇ ಬಿಡಬೇಕೋ?

ಇಷ್ಟು ದಿನ ನಾನು ಇದನ್ನು ‘ಆಫ್ ಬ್ರಯನ್’ ಮೊಟಕಾದದ್ದು ಅಂದುಕೊಂಡಿದ್ದೆ. ಟೈಮ್ ಹೇಳುವಾಗ ಓ’ಕ್ಲಾಕ್ ಅಂತೀವಲ್ಲ, ಹಾಗೆ. ತಪ್ಪು. ಐರಿಶ್ ನುಡಿಯಲ್ಲಿ ‘ಓ’ ತಾನೇ ಒಂದು ಪೂರ್ತಿ ಪದ. ಹಳೆಯ ರೂಪ ‘ಉಅ’. ಅರ್ಥ ಮೊಮ್ಮಗ. ಐರಿಶ್ ಹೆಸರುಗಳ ಮುಂದೆ ಕಾಣುವ ‘ಮ್ಯಾಕ್’ ಅಂದರೆ ಮಗ.

ಈ ಮನೆತನದಲ್ಲಿ ಆ ಅರ್ಥ ಬದಲಾಗಿದ್ದು ಚೆನ್ನಾಗಿ ಕಾಣುತ್ತದೆ. ಮೂಲಪುರುಷ ಬ್ರಯನ್ ಬೊರು, ಮನ್‌ಸ್ಟರ್ ನಾಡಿನ ಅರಸ. 1002ರಲ್ಲಿ ಇಡೀ ಐರ್ಲೆಂಡಿನ ಹಿರಿಯರಸ ಅನ್ನಿಸಿಕೊಂಡ. 1014ರಲ್ಲಿ ಡಬ್ಲಿನ್ ಹತ್ತಿರದ ಕ್ಲಾಂಟಾರ್ಫ್ ಕಾಳಗದಲ್ಲಿ ಅವನ ಕಡೆಯವರು ಗೆದ್ದರು, ಅವನು ಸತ್ತ. 1086ರಲ್ಲಿ ತೀರಿಕೊಂಡ ಅರಸ ಟರ್ಲಾ ಓ’ಬ್ರಯನ್ ನಿಜಕ್ಕೂ ಅವನ ಮೊಮ್ಮಗನೇ, ಮಗನ ಮಗ. ಅಂದರೆ ಅಲ್ಲಿ ‘ಓ’ ಬರೀ ಸಂಬಂಧ ಹೇಳುತ್ತಿತ್ತು. ಆದರೆ ಟರ್ಲಾನ ಮಕ್ಕಳೂ ಅದನ್ನೇ ಇಟ್ಟುಕೊಂಡರು. ಅವರು ಬ್ರಯನ್‌ಗೆ ಮರಿಮಕ್ಕಳಲ್ವಾ? ಲೆಕ್ಕ ತಪ್ಪಿತು, ಮನೆತನದ ಹೆಸರು ಹುಟ್ಟಿತು.

ಇನ್ನು ಆ ಕೊಕ್ಕೆ. ಐರಿಶ್‌ನಲ್ಲಿ ಈ ಹೆಸರು ಬರೆಯುವಾಗ ಅದು ಇಲ್ಲವೇ ಇಲ್ಲ. ‘ಓ’ ದೀರ್ಘ ಅಂತ ತೋರಿಸಲು ಅಕ್ಷರದ ನೆತ್ತಿಯ ಮೇಲೆ ಒಂದು ಓರೆಗೆರೆ ಎಳೆಯುತ್ತಾರೆ, ಅಷ್ಟೆ. ಇಂಗ್ಲಿಷ್ ಗುಮಾಸ್ತರ ಕೈಯಲ್ಲಿ ಆ ಗೆರೆ ಪಕ್ಕಕ್ಕೆ ಜಾರಿ ಅಪಾಸ್ಟ್ರಫಿ ಆಯಿತು ಅನ್ನುವುದು ಸಾಮಾನ್ಯವಾಗಿ ಕೊಡುವ ವಿವರಣೆ. ಕನ್ನಡದಲ್ಲಿ ಒ ಬೇರೆ, ಓ ಬೇರೆ. ಗೆರೆಯ ಕೆಲಸವನ್ನು ನಮ್ಮ ಅಕ್ಷರವೇ ಮಾಡಿ ಮುಗಿಸಿದೆ. ಮತ್ತೆ ಕೊಕ್ಕೆ ಯಾಕೆ?

ವ್ಯಾಕರಣದ ಹುಚ್ಚಿರುವವರಿಗೆ ಇನ್ನೊಂದು. ‘ಓ’ ಗಂಡಸರಿಗೆ ಮಾತ್ರ. ಐರಿಶ್‌ನಲ್ಲಿ ಮಗಳಾದರೆ ‘ನೀ’, ಹೆಂಡತಿಯಾದರೆ ‘ಈ’. ಆಗ ಬ್ರಯನ್‌ನ ಬಕಾರ ವಕಾರವಾಗಿ ‘ನೀ ವ್ರಿಯನ್’ ಅಂತ ಕೇಳಿಸುತ್ತದೆ. ಕಡು ಜೊತೆ ಬೆಳ್ಪು ಸೇರಿ ಕಡುವೆಳ್ಪು ಆಗುವುದು ನೆನಪಾಗಲಿಲ್ವಾ? ಆಗಮ ಸಂಧಿಯಂಥದ್ದೂ ಇದೆ! ‘ಓ’ ಮುಂದೆ ಸ್ವರ ಬಂದರೆ ನಡುವೆ ಹಕಾರ ನುಗ್ಗುತ್ತದೆ. ಓ’ಹಾರ, ಓ’ಹಿಗಿನ್ಸ್ ಹೆಸರುಗಳ ಹಕಾರ ಹಾಗೆ ಬಂದದ್ದು. ಹೋಗನ್ ಅನ್ನುವ ಮನೆತನದವರು ‘ಓ’ ಬಿಟ್ಟರು, ಆದರೆ ಅದು ತಂದ ಹಕಾರ ಅಲ್ಲೇ ಉಳಿದುಕೊಂಡಿತು. ನೆಂಟ ಹೋದರೂ ಅವನ ಚೀಲ ಜಗಲಿ ಮೇಲೇ ಉಳಿದ ಹಾಗೆ. ಇಂಗ್ಲಿಷರ ಆಳ್ವಿಕೆಯಲ್ಲಿ ಹೀಗೆ ‘ಓ’ ಬಿಟ್ಟವರು ಬಹಳ. 1893ರಲ್ಲಿ ಐರಿಶ್ ನುಡಿಯನ್ನು ಉಳಿಸಲು ಗೇಲಿಕ್ ಲೀಗ್ ಅನ್ನುವ ಸಂಘ ಶುರುವಾದ ಕಾಲದಲ್ಲಿ ನುಡಿಯ ಅಭಿಮಾನ ಹೆಚ್ಚಿ, ಎಷ್ಟೋ ಮಂದಿ ಮತ್ತೆ ಸೇರಿಸಿಕೊಂಡರು.

ಈಗ ನನ್ನ ಪೇಚಾಟ. ಐರಿಶ್‌ನವರಂತೆ ಬಿಡಿಸಿ ಬರೆಯೋಣ ಅಂತ ಹೊರಟೆ. ‘ಓ ಬ್ರಯನ್ ಬಂದರು’ ಅಂತ ಬರೆದು ಓದಿ ನೋಡಿ. ಯಾರೋ ಕಟ್ಟೆ ಮೇಲೆ ಕೂತು, ‘ಓ, ಬ್ರಯನ್ ಬಂದರು!’ ಅಂದ ಹಾಗಿದೆ. ಅದಕ್ಕೇ ‘ಓಬ್ರಯನ್’ ಅಂತ ಸೇರಿಸಿ ಬರೆಯುವುದೇ ವಾಸಿ ಅಂತ ನನಗೆ ಅನ್ನಿಸುತ್ತಿದೆ. ಆದರೆ ಓಹಾರ ಅಂತ ಸೇರಿಸಿದರೆ ಆಹಾರದ ಅಚ್ಚುತಪ್ಪು ಅಂದುಕೊಂಡಾರು ಅನ್ನುವ ಅಳುಕೂ ಇದೆ.

ಪತ್ರಿಕೆಯಲ್ಲಿ ಕೆಲಸ ಮಾಡಿದವರು ಇಲ್ಲಿದ್ದೀರಿ. ನಿಮ್ಮಲ್ಲಿ ಏನು ರೂಢಿ? ಜೊತೆಗೆ, ಪುಸ್ತಕದ ಕೊನೆಯ ಹೆಸರುಪಟ್ಟಿಯಲ್ಲಿ ಇವರನ್ನು ಓ ಕೆಳಗೆ ಹಾಕುತ್ತೀರೋ, ಬ ಕೆಳಗೋ?