ನಾಟಾದ ಅಳತೆ, ತೂಕ, ಬೆಲೆ: ನನ್ನ ಲೆಕ್ಕ ಎಲ್ಲಿ ತಪ್ಪುತ್ತಿದೆ?

ಪ್ರಶ್ನೆ

ನಮಸ್ಕಾರ. ಮನೆಯ ಹಿಂದೆ ಸಾಮಾನು ಇಡುವುದಕ್ಕೆ ಒಂದು ಸಣ್ಣ ಕೊಠಡಿಯನ್ನೂ ಅದರೊಳಗೆ ಒಂದು ಅಟ್ಟವನ್ನೂ ಪೂರ್ತಿ ಮರದಲ್ಲೇ ಕಟ್ಟಬೇಕೆಂದಿದ್ದೇನೆ. ನಕ್ಷೆಯ ಪ್ರಕಾರ 2×4 ಇಂಚಿನ, 10 ಅಡಿ ಉದ್ದದ 40 ತುಂಡುಗಳು ಬೇಕು. ಅವುಗಳಲ್ಲಿ 16 ತುಂಡುಗಳನ್ನು 7 ಅಡಿಗೆ ಕತ್ತರಿಸಿ ಅಟ್ಟದ ಜಂತಿಗಳಾಗಿ ಹಾಕುವ ಯೋಚನೆ ಇದೆ.

ಮಾದರಿಗೆಂದು ತಂದ ಪೈನ್ ಮರದ ಒಂದು ತುಂಡನ್ನು ಟೇಪು ಹಿಡಿದು ಅಳೆದಾಗ ದಪ್ಪ 38 ಮಿ.ಮೀ., ಅಗಲ 89 ಮಿ.ಮೀ. ಬಂತು, ಅಂದರೆ 1½ ಇಂಚು ಮತ್ತು 3½ ಇಂಚು. ಇದು ಮೋಸವೋ ಪದ್ಧತಿಯೋ ತಿಳಿಯಲಿಲ್ಲ. ಬೆಲೆ ವಿಚಾರಿಸಿದರೆ ಒಬ್ಬ ವ್ಯಾಪಾರಿ ಘನ ಅಡಿಯ ದರ ಹೇಳುತ್ತಾರೆ, ಮತ್ತೊಬ್ಬರು ರನ್ನಿಂಗ್ ಅಡಿಯ, ಅಂದರೆ ಬರೀ ಉದ್ದದ ಒಂದೊಂದು ಅಡಿಯ, ದರ ಹೇಳುತ್ತಾರೆ. ಎರಡನ್ನೂ ಹೋಲಿಸುವುದು ಹೇಗೆ?

ಸಾಗಣೆಯ ಚಿಂತೆಯೂ ಇದೆ. ನನಗೆ ಸಿಗುವ ಗಾಡಿಯಲ್ಲಿ 300 ಕೆ.ಜಿ. ಮಾತ್ರ ಹೇರಬಹುದು. ಒಣಗಿದ ಪೈನ್ ಮರ ಘನ ಅಡಿಗೆ ಸುಮಾರು 14 ಕೆ.ಜಿ. ತೂಗುತ್ತದೆ ಎಂದು ಓದಿದ್ದರಿಂದ, 40 ತುಂಡುಗಳಿಗೆ 22.2 ಘನ ಅಡಿ ಹಿಡಿದು ಗುಣಿಸಿದೆ, 311 ಕೆ.ಜಿ. ಆಯಿತು. ಆದರೆ ಮಾದರಿಯ ತುಂಡನ್ನು ತಕ್ಕಡಿಯ ಮೇಲಿಟ್ಟಾಗ 7.4 ಕೆ.ಜಿ. ತೋರಿಸಿತು. ನಲವತ್ತಕ್ಕೆ 296 ಕೆ.ಜಿ. ಆಗುವುದರಿಂದ ಲೆಕ್ಕ ಹೆಚ್ಚು ಕಡಿಮೆ ಸರಿಯಿದೆ ಎಂದುಕೊಳ್ಳಬಹುದೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಮೊದಲ ಉತ್ತರ

ಅಳತೆಯ ವಿಷಯದಲ್ಲಿ ನಿಮಗೆ ಮೋಸವಾಗಿಲ್ಲ. 2×4 ಎನ್ನುವುದು ಹೆಸರಿನ ಅಳತೆ. ದಿಮ್ಮಿಯನ್ನು ಹಸಿಯಾಗಿದ್ದಾಗ ಒರಟಾಗಿ ಕೊಯ್ದು, ಒಣಗಿಸಿ, ನಾಲ್ಕೂ ಮೈ ಹೆರೆದು ನಯಮಾಡುವ ಹೊತ್ತಿಗೆ ಪ್ರತಿ ಮಗ್ಗುಲಿನಲ್ಲೂ ಒಂದಿಷ್ಟು ಕಳೆದುಹೋಗುತ್ತದೆ. ಹೆಸರು ಮಾತ್ರ ಹಾಗೆಯೇ ಉಳಿಯುತ್ತದೆ. ಈ ಪದ್ಧತಿ ಅಮೆರಿಕದಿಂದ ಬಂದದ್ದು. ಅಲ್ಲಿ 1924ರಲ್ಲಿ ಮೊದಲ ರಾಷ್ಟ್ರೀಯ ಮಾನದಂಡ ರೂಪುಗೊಂಡಿತು. ಈಗ 2×4 ಎಂದರೆ 1½×3½ ಇಂಚು, 2×6 ಎಂದರೆ 1½×5½ ಇಂಚು, 2×8 ಎಂದರೆ 1½×7¼ ಇಂಚು ಎಂದು ನಿಗದಿಯಾಗಿದೆ. ನಿಮ್ಮ ನಕ್ಷೆ ಬರೆದವರು ಈ ಪದ್ಧತಿಯವರೇ ಆಗಿದ್ದರೆ ಅವರ ಲೆಕ್ಕದಲ್ಲಿ ಇರುವುದು 38×89 ಮಿ.ಮೀ. ಮರವೇ. ಒರಟು ಕೊಯ್ತದ ಮರವನ್ನು ಕೊಳ್ಳುವುದಾದರೆ ಮಾತ್ರ 2 ಇಂಚು ಎಂದರೆ ಹತ್ತಿರ ಹತ್ತಿರ 2 ಇಂಚೇ ಸಿಗಬೇಕು.

ಇನ್ನು ಬೆಲೆ. ಅಗಲ ಮತ್ತು ದಪ್ಪವನ್ನು ಇಂಚಿನಲ್ಲೂ ಉದ್ದವನ್ನು ಅಡಿಯಲ್ಲೂ ಇಟ್ಟು ಗುಣಿಸಿ, 144ರಿಂದ ಭಾಗಿಸಿದರೆ ಘನ ಅಡಿ ಸಿಗುತ್ತದೆ. ಇದನ್ನೇ ತಿರುಗಿಸಿ, 144ನ್ನು ಅಗಲ ಮತ್ತು ದಪ್ಪದ ಗುಣಲಬ್ಧದಿಂದ ಭಾಗಿಸಿದರೆ ಒಂದು ಘನ ಅಡಿಗೆ ಎಷ್ಟು ರನ್ನಿಂಗ್ ಅಡಿ ಎಂಬುದು ಬರುತ್ತದೆ. ಹೆಸರಿನ 2×4 ಆದರೆ 18 ಅಡಿ. ನಿಜವಾಗಿ ಕೈಗೆ ಬರುವ 1½×3½ ಆದರೆ 27.4 ಅಡಿ. ಆದ್ದರಿಂದ ಘನ ಅಡಿಯ ದರ ಹೇಳಿದವರನ್ನು ಕೇಳಬೇಕಾದ ಮೊದಲ ಮಾತು, ಆ ಘನ ಅಡಿಯನ್ನು ಹೆರೆಯುವ ಮೊದಲಿನ ಅಳತೆಯಲ್ಲಿ ಹಿಡಿಯುತ್ತಾರೋ ಹೆರೆದ ಮೇಲಿನ ಅಳತೆಯಲ್ಲಿ ಹಿಡಿಯುತ್ತಾರೋ ಎಂಬುದು. ಮೊದಲನೆಯದಾದರೆ ಅವರ ದರವನ್ನು 18ರಿಂದ, ಎರಡನೆಯದಾದರೆ 27.4ರಿಂದ ಭಾಗಿಸಿ, ಬಂದದ್ದನ್ನು ಇನ್ನೊಬ್ಬರ ರನ್ನಿಂಗ್ ಅಡಿಯ ದರದ ಪಕ್ಕದಲ್ಲಿಟ್ಟು ನೋಡಿರಿ. ನಿಮ್ಮ 40 ತುಂಡುಗಳು ಹೆಸರಿನ ಲೆಕ್ಕಕ್ಕೆ 22.2 ಘನ ಅಡಿ, ನಿಜದಲ್ಲಿ 14.6 ಘನ ಅಡಿ. ಮೂರನೇ ಒಂದು ಪಾಲಿಗಿಂತ ಹೆಚ್ಚಿನ ಈ ಅಂತರ ದರದಲ್ಲಿ ಎಲ್ಲಿ ಅಡಗಿದೆ ಎಂದು ತಿಳಿಯದೆ ಮುಂಗಡ ಕೊಡಬೇಡಿ.

ಮುಂದೆ ದುಂಡು ದಿಮ್ಮಿಯನ್ನೇ ಕೊಂಡು ಕೊಯ್ಯಿಸುವ ಮನಸ್ಸಾದರೆ ಅಲ್ಲಿನ ಅಳತೆಯೇ ಬೇರೆ. ಸುತ್ತಳತೆಯ ಕಾಲು ಭಾಗವನ್ನು ವರ್ಗ ಮಾಡಿ ಉದ್ದದಿಂದ ಗುಣಿಸುವ ಈ ಕ್ರಮದ ಕೋಷ್ಟಕಗಳನ್ನು ಎಡ್ವರ್ಡ್ ಹಾಪಸ್ 1736ರಲ್ಲಿ ಪ್ರಕಟಿಸಿದರು. 48 ಇಂಚು ಸುತ್ತಳತೆಯ 10 ಅಡಿ ದಿಮ್ಮಿ ಇದರಂತೆ 10 ಘನ ಅಡಿ. ನಿಜವಾದ ಗಾತ್ರ 12.7 ಘನ ಅಡಿ. ಉಳಿದದ್ದು ಕೊಯ್ಯುವಾಗ ಹೋಗುವ ಹೊರಪದರಕ್ಕೂ ಹೊಟ್ಟಿಗೂ ಬಿಟ್ಟ ರಿಯಾಯಿತಿ.

ಎರಡನೆಯ ಉತ್ತರ

ಮೇಲಿನವರು ಅಳತೆಯನ್ನು ಚೆನ್ನಾಗಿ ಬಿಡಿಸಿದ್ದಾರೆ. ನನಗೆ ಆತಂಕ ಹುಟ್ಟಿಸಿದ್ದು ನಿಮ್ಮ ತಕ್ಕಡಿಯ 7.4 ಕೆ.ಜಿ. ನಿಮ್ಮ ಎರಡು ಲೆಕ್ಕಗಳು ಒಂದಕ್ಕೊಂದು ಹತ್ತಿರ ಬಂದದ್ದು ಕೇವಲ ಆಕಸ್ಮಿಕ. ಒಂದು ಕಡೆ ಗಾತ್ರವನ್ನು ಹೆಚ್ಚು ಹಿಡಿದಿದ್ದೀರಿ, ಇನ್ನೊಂದು ಕಡೆ ಮರದಲ್ಲಿ ನೀರು ಹೆಚ್ಚಿದೆ.

38×89 ಮಿ.ಮೀ. ಗಾತ್ರದ 10 ಅಡಿ ತುಂಡು 0.0103 ಘನ ಮೀಟರ್ ಆಗುತ್ತದೆ. ಶೇ. 12ರಷ್ಟು ತೇವಾಂಶವಿರುವ, ಘನ ಮೀಟರಿಗೆ 500 ಕೆ.ಜಿ. ತೂಗುವ ಪೈನ್ ಆಗಿದ್ದರೆ ಅದು 5.2 ಕೆ.ಜಿ. ಆಸುಪಾಸು ಇರಬೇಕಿತ್ತು. ಮರದ ತೇವಾಂಶವನ್ನು ಲೆಕ್ಕ ಹಾಕುವುದು ಪೂರ್ತಿ ಒಣಗಿದ ಮರದ ತೂಕದ ಮೇಲೆ. ನಿಮ್ಮ ತುಂಡಿನ ಒಣ ತೂಕ ಸುಮಾರು 4.6 ಕೆ.ಜಿ. ಎಂದಾದರೆ ಉಳಿದ 2.8 ಕೆ.ಜಿ. ಬರೀ ನೀರು. ಅಂದರೆ ತೇವಾಂಶ ಶೇ. 60ರ ಸುಮಾರಿಗಿದೆ. ನಿಮ್ಮ ಗಾಡಿ 40 ತುಂಡುಗಳ ಜೊತೆಗೆ 90 ಕೆ.ಜಿ.ಯಷ್ಟು ಬೇಡದ ನೀರನ್ನೂ ಹೊತ್ತು ತರುತ್ತದೆ.

ಊಹೆಯ ಮೇಲೆ ನಿಲ್ಲಬೇಡಿ, ಪರೀಕ್ಷಿಸಿ ನೋಡಿ. ತುದಿ ಬೇಗ ಒಣಗುವುದರಿಂದ ತುದಿಯಿಂದ ಒಂದು ಅಡಿಯಾದರೂ ಒಳಗೆ ಒಂದು ಇಂಚಿನ ಬಿಲ್ಲೆಯನ್ನು ಕೊಯ್ದು, ಅಂಟಿರುವ ಹೊಟ್ಟನ್ನು ಒರೆಸಿ ಕೂಡಲೇ ಗ್ರಾಂ ತಕ್ಕಡಿಯಲ್ಲಿ ತೂಗಿರಿ. ಆಮೇಲೆ ಅದನ್ನು ಓವನ್ನಿನಲ್ಲಿ 103 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟು, ಕೆಲವು ಗಂಟೆಗಳಿಗೊಮ್ಮೆ ತೆಗೆದು ತೂಗುತ್ತಾ, ತೂಕ ಇಳಿಯುವುದು ನಿಲ್ಲುವವರೆಗೂ ಒಣಗಿಸಿರಿ. ಇಳಿದ ತೂಕವನ್ನು ಕೊನೆಯ ತೂಕದಿಂದ ಭಾಗಿಸಿ ನೂರರಿಂದ ಗುಣಿಸಿದರೆ ತೇವಾಂಶ ಸಿಗುತ್ತದೆ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ತೇವಾಂಶ ಶೇ. 30ರ ಸುಮಾರಿಗೆ ಇಳಿಯುವ ತನಕ ಮರ ಕುಗ್ಗುವುದಿಲ್ಲ, ಹಗುರವಾಗುತ್ತದೆ ಅಷ್ಟೆ. ಅಲ್ಲಿಂದ ಕೆಳಗೆ ಕುಗ್ಗಲು ತೊಡಗುತ್ತದೆ, ಅದೂ ಎಲ್ಲ ದಿಕ್ಕಿನಲ್ಲಿ ಒಂದೇ ಸಮನಾಗಿ ಅಲ್ಲ. ವರ್ಷದ ಉಂಗುರಗಳ ಗುಂಟ ಆಗುವ ಕುಗ್ಗುವಿಕೆ ತಿರುಳಿನಿಂದ ತೊಗಟೆಯ ಕಡೆಗೆ ಆಗುವುದರ ಹತ್ತಿರ ಹತ್ತಿರ ಎರಡರಷ್ಟಿರುತ್ತದೆ. ಉದ್ದದಲ್ಲಿ ಮಾತ್ರ ನಗಣ್ಯ. ಹಸಿ ಮರವನ್ನು ಮೊಳೆ ಹೊಡೆದು ಕೂಡಿಸಿದ ಮೇಲೆ ಅದು ತಿರುಚಿಕೊಳ್ಳುವುದು, ಸೀಳುವುದು, ಕೀಲು ಸಡಿಲಾಗುವುದು ಈ ಅಸಮತೆಯಿಂದಲೇ. ನಾನು ಹಿಂದೊಮ್ಮೆ ಅವಸರಪಟ್ಟು 200 ಮಿ.ಮೀ. ಅಗಲದ ಹಸಿ ಹಲಗೆಗಳನ್ನು ಒತ್ತಾಗಿ ಜೋಡಿಸಿ ನೆಲ ಹಾಸಿದ್ದೆ. ಆರು ತಿಂಗಳಲ್ಲಿ ಪ್ರತಿ ಸಂದಿನಲ್ಲೂ ಕಿರುಬೆರಳು ತೂರುವಷ್ಟು ಬಿರುಕು ಬಿಟ್ಟಿತು. ಎಲ್ಲವನ್ನೂ ಕಿತ್ತು ಮತ್ತೆ ಹಾಸಬೇಕಾಯಿತು. ಜೊತೆಗೆ, ತೇವಾಂಶ ಶೇ. 20ಕ್ಕಿಂತ ಕಡಿಮೆ ಇದ್ದಲ್ಲಿ ಮರ ಕೊಳೆಸುವ ಶಿಲೀಂಧ್ರ ಬೆಳೆಯುವುದಿಲ್ಲ; ಹಸಿ ಮರವನ್ನು ಗಾಳಿಯಾಡದ ಕಡೆ ಮುಚ್ಚಿಬಿಟ್ಟರೆ ಅದಕ್ಕೆ ನೀವೇ ಜಾಗ ಮಾಡಿಕೊಟ್ಟಂತೆ.

ಮೂರನೆಯ ಉತ್ತರ

ಅಟ್ಟದ ಜಂತಿಗಳ ಬಗ್ಗೆ ಎರಡು ಮಾತು. 10 ಅಡಿಯ ತುಂಡಿನಿಂದ 7 ಅಡಿ ತೆಗೆದರೆ ಪ್ರತಿಯೊಂದರಲ್ಲೂ 3 ಅಡಿ ಉಳಿಯುತ್ತದೆ. ಹದಿನಾರಕ್ಕೆ 48 ಅಡಿ. ಅದರ ಬದಲು 15 ಅಡಿಯ 8 ತುಂಡುಗಳನ್ನು ಕೊಂಡರೆ 160 ಅಡಿಯ ಜಾಗದಲ್ಲಿ 120 ಅಡಿ ಸಾಕು. ಲೆಕ್ಕಕ್ಕೆ 14 ಅಡಿಯೇ ಸಾಕಲ್ಲವೇ ಎನ್ನಬೇಡಿ. ಗರಗಸದ ಒಂದೊಂದು ಕೊಯ್ತಕ್ಕೂ 3 ಮಿ.ಮೀ.ನಷ್ಟು ಮರ ಹೊಟ್ಟಾಗುತ್ತದೆ. ತುದಿಗಳಲ್ಲಿ ಕೂದಲೆಳೆಯಂಥ ಸೀಳುಗಳಿರುವುದರಿಂದ ಅವನ್ನೂ ಕತ್ತರಿಸಿ ತೆಗೆಯಬೇಕಾಗುತ್ತದೆ. ಉದ್ದ ಹೆಚ್ಚಾದಂತೆ ದರವೂ ಹೆಚ್ಚಾಗುವುದುಂಟು. ಹೆಚ್ಚಿದ ದರ ಮೂರನೇ ಒಂದು ಪಾಲು ದಾಟದಿದ್ದರೆ ಉದ್ದದ ತುಂಡೇ ಲಾಭ.

ಇದಕ್ಕಿಂತ ಮುಖ್ಯವಾದದ್ದು ಜಂತಿಯ ಆಳ. ತೊಲೆಯ ಬಲ ಅದರ ಆಳದ ವರ್ಗದಂತೆಯೂ, ಬಗ್ಗದೆ ನಿಲ್ಲುವ ಬಿಗಿ ಆಳದ ಘನದಂತೆಯೂ ಏರುತ್ತದೆ. 2×4ರ ಬದಲು 2×6 ಹಾಕಿದರೆ ಮರ ಶೇ. 57ರಷ್ಟು ಹೆಚ್ಚು ಬೇಕು, ತೂಕವೂ ಅಷ್ಟೇ ಏರುತ್ತದೆ. ಆದರೆ ಬಲ ಸುಮಾರು ಎರಡೂವರೆ ಪಟ್ಟು, ಬಿಗಿ ಹತ್ತಿರ ಹತ್ತಿರ ನಾಲ್ಕು ಪಟ್ಟು ಸಿಗುತ್ತದೆ. ಹಣಕ್ಕೆ ಇಷ್ಟು ಪ್ರತಿಫಲ ಕೊಡುವ ಬದಲಾವಣೆ ಮರದ ಕೆಲಸದಲ್ಲಿ ಬೇರೊಂದು ನನಗೆ ತಿಳಿದಿಲ್ಲ. ಜಂತಿಯನ್ನು ಯಾವಾಗಲೂ ಕಿರಿದಾದ ಅಂಚಿನ ಮೇಲೆ ನಿಲ್ಲಿಸಬೇಕು. ಅದೇ 2×4ನ್ನು ಮಲಗಿಸಿ ಇಟ್ಟರೆ ಬಿಗಿ ಐದನೇ ಒಂದು ಪಾಲಿಗಿಂತಲೂ ಕೆಳಗಿಳಿಯುತ್ತದೆ. ಆಳವಾದ ಜಂತಿ ಪಕ್ಕಕ್ಕೆ ವಾಲದಂತೆ ನಡುನಡುವೆ ಅಡ್ಡ ತುಂಡುಗಳನ್ನು ಬಿಗಿಯಬೇಕು. ಅಟ್ಟದ ಮೇಲೆ ಭಾರವಾದ ವಸ್ತುಗಳನ್ನು ಇಡುವುದಿದ್ದರೆ ಜಂತಿಗಳ ಅಂತರವನ್ನು ಒಬ್ಬ ಇಂಜಿನಿಯರಿಗೆ ತೋರಿಸಿಯೇ ತೀರ್ಮಾನಿಸಿರಿ. ಆರಿಸುವಾಗ ಗಂಟುಗಳನ್ನೂ ನೋಡಿರಿ. ಜಂತಿಯ ಕೆಳ ಅಂಚಿನ ನಡುಭಾಗದಲ್ಲಿ ದೊಡ್ಡ ಗಂಟು ಬಂದರೆ ಅದನ್ನು ತಿರುಗಿಸಿ ಗಂಟು ಮೇಲಕ್ಕೆ ಬರುವಂತೆ ಇಡುವುದು ಒಳ್ಳೆಯದು, ಏಕೆಂದರೆ ಭಾರ ಬಿದ್ದಾಗ ಎಳೆತಕ್ಕೆ ಸಿಗುವುದು ಕೆಳ ಅಂಚು.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಹೃತ್ಪೂರ್ವಕ ವಂದನೆಗಳು. ಬಿಲ್ಲೆ ಕೊಯ್ದು ಪರೀಕ್ಷೆ ಮಾಡಿದೆ. ಮೊದಲ ತೂಕ 80 ಗ್ರಾಂ ಇತ್ತು, ಕೊನೆಗೆ 51 ಗ್ರಾಮಿಗೆ ನಿಂತಿತು, ತೇವಾಂಶ ಶೇ. 57. ಘನ ಅಡಿಯ ದರ ಹೇಳಿದ್ದ ವ್ಯಾಪಾರಿಯನ್ನು ವಿಚಾರಿಸಿದಾಗ ಅವರು ಹೆಸರಿನ ಅಳತೆಯನ್ನೇ ಹಿಡಿಯುವುದಾಗಿ ತಿಳಿಸಿದರು. 18ರಿಂದ ಭಾಗಿಸಿ ನೋಡಿದರೆ ಅವರ ದರವೇ ರನ್ನಿಂಗ್ ಅಡಿಯವರಿಗಿಂತ ಸ್ವಲ್ಪ ಹೆಚ್ಚು. ಆದರೆ ಬಿಸಿ ಗೂಡಿನಲ್ಲಿಟ್ಟು ಒಣಗಿಸಿದ ಮರ ಇರುವುದು ಅವರ ಬಳಿ ಮಾತ್ರ. ಆದ್ದರಿಂದ ಅವರಲ್ಲೇ 2×4ರ 24 ತುಂಡುಗಳನ್ನೂ, ಜಂತಿಗಳಿಗೆ 15 ಅಡಿಯ 2×6ರ 8 ತುಂಡುಗಳನ್ನೂ ತೆಗೆದುಕೊಳ್ಳಲು ನಿಶ್ಚಯಿಸಿದ್ದೇನೆ. ಒಣ ಮರದ ತೂಕದಲ್ಲಿ ಮೊದಲನೆಯದು ಸುಮಾರು 124 ಕೆ.ಜಿ., ಎರಡನೆಯದು ಸುಮಾರು 97 ಕೆ.ಜಿ. ಆಗುವುದರಿಂದ ಭಾರದ ಚಿಂತೆ ಕಳೆಯಿತು. 15 ಅಡಿಯ ತುಂಡುಗಳು ಗಾಡಿಯಿಂದ ಹೊರಚಾಚದಂತೆ, ಅವನ್ನು ಮಾತ್ರ ವ್ಯಾಪಾರಿಯ ಅಂಗಳದಲ್ಲೇ ನಡುವಿಗೆ ಕೊಯ್ಯಿಸಿ ತರುತ್ತೇನೆ.