ಸಹಾಯ ಬೇಕು: ಸ್ಫಿಂಕ್ಸ್ ಬೆಕ್ಕನ್ನು ಟೊರಾಂಟೊದಿಂದ ಮೈಸೂರಿಗೆ ಕರೆತರುತ್ತಿದ್ದೇವೆ

ಎಲ್ಲರಿಗೂ ನಮಸ್ಕಾರ. ನಾವು ಟೊರಾಂಟೊ ಬಿಟ್ಟು ಮೈಸೂರಿಗೆ ವಾಪಸ್ ಬರುತ್ತಿದ್ದೇವೆ, ಜೊತೆಗೆ ನಮ್ಮ ಸ್ಫಿಂಕ್ಸ್ ಬೆಕ್ಕು ಚಿನ್ನಿ. ಮೈಮೇಲೆ ಕೂದಲಿಲ್ಲದ ತಳಿ ಇದು. 1966ರಲ್ಲಿ ಟೊರಾಂಟೊದಲ್ಲೇ ಕೂದಲಿಲ್ಲದ ಒಂದು ಮರಿ ಹುಟ್ಟಿತ್ತು, ತಳಿಯ ಕಥೆ ಶುರುವಾಗುವುದೇ ಅಲ್ಲಿಂದ.

ಇಲ್ಲಿ ಚಳಿಯದ್ದೇ ಚಿಂತೆ. ಮೈ ಬೆಚ್ಚಗಿಡಲು ಊಟ ಜಾಸ್ತಿ ಬೇಕು, ಚಳಿಗಾಲದಲ್ಲಿ ಸ್ವೆಟರ್ ಬೇಕು. ಅಲ್ಲಿ ಬಿಸಿಲಿನದ್ದು. ಬೇರೆ ಬೆಕ್ಕುಗಳ ಚರ್ಮದ ಎಣ್ಣೆಯನ್ನು ಕೂದಲು ಹೀರಿಕೊಳ್ಳುತ್ತದೆ, ಇವಳಿಗೆ ಅದು ಮೈಮೇಲೇ ನಿಲ್ಲುತ್ತದೆ, ಹಾಗಾಗಿ ವಾರಕ್ಕೊಮ್ಮೆ ಸ್ನಾನ ಮಾಡಿಸಿ ಕಿವಿಯ ಮೇಣ, ಉಗುರಿನ ಸಂದಿಯ ಕೊಳೆ ಎಲ್ಲ ತೆಗೆಯುತ್ತೇವೆ. ಮೈಸೂರಿನ ಬೇಸಿಗೆಯಲ್ಲಿ ಇಷ್ಟೇ ಸಾಕಾ? ಜಾಸ್ತಿ ತೊಳೆದರೆ ಚರ್ಮ ಒಣಗುತ್ತದೆ ಅಲ್ವಾ? ಕಿಟಕಿಯ ಬಿಸಿಲಿಗೂ ಚರ್ಮ ಸುಡಬಹುದು, ಪರದೆ ಬಿಟ್ಟು ಬೇರೇನು ಮಾಡುತ್ತೀರಿ?

ನನಗೆ ನಿಜವಾಗಿ ಭಯ ಇರುವುದು ಹೃದಯದ ವಿಷಯದಲ್ಲಿ. ಹೃದಯದ ಸ್ನಾಯು ದಪ್ಪವಾಗುವ ಕಾಯಿಲೆ, ಎಚ್‌ಸಿಎಂ, ಈ ತಳಿಗೆ ಬರುವ ಸಾಧ್ಯತೆ ಇದೆ. ಹೊರಗಿಂದ ಏನೂ ಕಾಣದೆಯೂ ಇರಬಹುದು, ಅದಕ್ಕೆ ಆಗಾಗ ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್ ಸ್ಕ್ಯಾನ್, ಮಾಡಿಸುತ್ತೇವೆ. ಮೈಸೂರಿನಲ್ಲಿ ಅಥವಾ ಬೆಂಗಳೂರಿನಲ್ಲಿ ಬೆಕ್ಕಿಗೆ ಎಕೋ ಮಾಡಿ ಅನುಭವ ಇರುವ ವೈದ್ಯರು ಗೊತ್ತಿದ್ದರೆ ದಯವಿಟ್ಟು ಹೇಳಿ.

ಇನ್ನೊಂದು, ಅತ್ತೆಗೆ ಬೆಕ್ಕಿನ ಅಲರ್ಜಿ ಇದೆ. ಕೂದಲಿಲ್ಲ ಅಂದರೆ ಅಲರ್ಜಿ ಇಲ್ಲ ಅಂತ ಸುಮ್ನೆ ಹೇಳುತ್ತಾರೆ, ಅಲರ್ಜಿ ತರುವ ಪ್ರೋಟೀನ್ ಎಂಜಲಲ್ಲೂ ಚರ್ಮದಲ್ಲೂ ಇರುತ್ತದೆ. ಮನೆಯಲ್ಲಿ ಇಂಥ ಪರಿಸ್ಥಿತಿ ನಿಭಾಯಿಸಿದವರು ಇದ್ದರೆ ವಿವರವಾಗಿ ಬರೆಯಿರಿ. ಚಿನ್ನಿಯನ್ನು ಬಿಟ್ಟು ಬರುವ ಮಾತೇ ಇಲ್ಲ.